ಮುಂದೆ ಬರುವವರಿಗೆ ಒಂದು ಹೊರೆ ಸೌದೆ
(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



"ನೀನು ಫಾರಿನ್‌ನಲ್ಲಿ ಕೆಲಸ ಮಾಡಿ ಬಂದವನು, ಮಕ್ಕಳಿಗೆ ಸ್ಫೂರ್ತಿಯಾಗುವ ಹಾಗೆ ನಾಲ್ಕು ಮಾತು ಹೇಳಪ್ಪ" ಎಂದು ನಮ್ಮ ಗಣಿತದ ಮೇಷ್ಟ್ರು ಫೋನ್ ಮಾಡಿ ಹೇಳಿದರು. ಅವರ ಮಾತಿಗೆ ಇಲ್ಲ ಎನ್ನುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಆದರೆ ಸಾಫ್ಟ್‌ವೇರ್ ಕೆಲಸದ ಬಗ್ಗೆ ಹೇಳಿದರೆ ನಿಮಗೆ ನಿದ್ದೆ ಬರುತ್ತದೆ, ನನಗೂ ಬರುತ್ತದೆ. ಹಾಗಾಗಿ ಒಂದು ಬೆಟ್ಟ ಹತ್ತಿದ ಕಥೆ ಹೇಳುತ್ತೇನೆ. ಕಥೆ ನಡೆದದ್ದು ನಾರ್ವೆ ದೇಶದಲ್ಲಿ. ಆದರೆ ಅದು ನಮ್ಮ ಶಾಲೆಯ ಬಗ್ಗೆ ನಾನು ಹೇಳಬೇಕಾಗಿದ್ದ ಮಾತೇ ಎಂದು ನನಗೆ ಆಮೇಲೆ ಗೊತ್ತಾಯಿತು.

2018ರಲ್ಲಿ ನಮ್ಮ ಕಂಪನಿಯವರು ಒಂದು ಪ್ರಾಜೆಕ್ಟಿಗಾಗಿ ನನ್ನನ್ನು ಏಳು ತಿಂಗಳು ಓಸ್ಲೊ ನಗರಕ್ಕೆ ಕಳಿಸಿದ್ದರು. ಅಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರು ಐವತ್ತು ದಾಟಿದ ಒಬ್ಬ ಹಿರಿಯರು. ಮಾತು ಬಹಳ ಕಡಿಮೆ. ಬೆಳಿಗ್ಗೆ ಒಂದು ನಗೆ, ಸಂಜೆ ಒಂದು ನಗೆ, ನಡುವೆ ಕೆಲಸ. ಮಳೆಗಾಲದಲ್ಲಿ ಜಗಲಿಯ ಮೇಲೆ ಕೂತು ಹೊರಗೆ ನೋಡುತ್ತಿದ್ದ ನಮ್ಮ ಅಜ್ಜನ ನೆನಪಾಗುತ್ತಿತ್ತು. ನಾನು ವಾಪಸು ಬರುವ ತಿಂಗಳು ಅವರು ಒಂದು ದಿನ ಕೇಳಿದರು: "ನೀನು ನಮ್ಮ ದೇಶಕ್ಕೆ ಬಂದು ಬರೀ ಕಂಪ್ಯೂಟರ್ ನೋಡಿಕೊಂಡು ಹೋಗುತ್ತೀಯಾ? ಬೆಟ್ಟಕ್ಕೆ ಬರುತ್ತೀಯಾ?"

ಹೂಂ ಎಂದೆ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಬೆಟ್ಟವೆಂದರೆ ಏನು ಮಹಾ ಎಂಬ ಜಂಬ ಇತ್ತು.

ಅವರು ತಮ್ಮ ಜೇಬಿನಿಂದ ಒಂದು ಬೀಗದ ಕೈ ತೆಗೆದು ತೋರಿಸಿದರು. ಅಲ್ಲಿ ಬೆಟ್ಟ ಹತ್ತುವವರ ಒಂದು ಸಂಘವಿದೆ. ಹೆಸರು ನಾರ್ವೆ ಪ್ರವಾಸಿ ಸಂಘ. 1868ರಲ್ಲಿ ಶುರುವಾದದ್ದು. ದೇಶದ ತುಂಬ ಐನೂರಕ್ಕೂ ಹೆಚ್ಚು ಬೆಟ್ಟದ ಮನೆಗಳನ್ನು ಈ ಸಂಘ ನೋಡಿಕೊಳ್ಳುತ್ತದೆ. ಕೆಲವು ಮನೆಗಳಲ್ಲಿ ಅಡುಗೆಯವರು, ಕೆಲಸದವರು ಇರುತ್ತಾರೆ. ಇನ್ನೂ ಬಹಳಷ್ಟು ಮನೆಗಳಲ್ಲಿ ಯಾರೂ ಇರುವುದಿಲ್ಲ. ಬೀಗ ಹಾಕಿರುವ ಅಂಥ ಮನೆಗಳಿಗೆ ಸಂಘದ ಸದಸ್ಯರ ಹತ್ತಿರ ಇರುವ ಒಂದೇ ಬಗೆಯ ಕೀಲಿ ಸಾಕು. ಒಳಗೆ ಹಾಸಿಗೆ, ಹೊದಿಕೆ, ಒಲೆ, ಪಾತ್ರೆ ಎಲ್ಲ ಇರುತ್ತವೆ. ಕೆಲವು ಮನೆಗಳಲ್ಲಿ ಉಗ್ರಾಣದ ತುಂಬ ದಿನಸಿಯೂ ಇರುತ್ತದೆ. ಬೇಕಾದ್ದನ್ನು ಬೇಯಿಸಿಕೊಂಡು ತಿಂದು, ಏನು ತಿಂದೆ, ಎಷ್ಟು ರಾತ್ರಿ ಮಲಗಿದೆ ಎಂದು ನೀವೇ ಬರೆದು ಹಣ ಕಟ್ಟಬೇಕು.

ನಾನು ಕೇಳಿದೆ: "ಅಲ್ಲಿ ಕಾವಲು ಯಾರು?"

ಅವರು ಆ ಪ್ರಶ್ನೆ ಅರ್ಥವಾಗದವರ ಹಾಗೆ ನನ್ನ ಮುಖ ನೋಡಿದರು. "ಯಾರಿಂದ ಕಾಯಬೇಕು?" ಎಂದರು.

ಸೆಪ್ಟೆಂಬರ್ ಮೊದಲ ವಾರ ಹೊರಟೆವು. ಹೋದದ್ದು ಯೋಟುನ್‌ಹೈಮನ್ ಎಂಬ ಪರ್ವತ ಪ್ರದೇಶಕ್ಕೆ. ಆ ಹೆಸರಿಗೆ ದೈತ್ಯರ ಮನೆ ಎಂದು ಅರ್ಥ. ಉತ್ತರ ಯುರೋಪಿನ ಅತ್ಯಂತ ಎತ್ತರದ ಶಿಖರ ಇರುವುದು ಅಲ್ಲೇ. ಅದರ ಎತ್ತರ 2469 ಮೀಟರ್. ಓಸ್ಲೊದಿಂದ ಬಸ್ಸಿನಲ್ಲಿ ಸುಮಾರು ಐದು ಗಂಟೆ ಹೋದರೆ ಯೆಂಡೆ ಎಂಬ ಸರೋವರದ ದಡ ಸಿಗುತ್ತದೆ. ಹದಿನೆಂಟು ಕಿಲೋಮೀಟರ್ ಉದ್ದದ, ಎರಡು ಬೆಟ್ಟಗಳ ಸಾಲಿನ ನಡುವೆ ಸಿಕ್ಕಿಕೊಂಡ ಹಾಗಿರುವ ಸರೋವರ ಅದು. ನೀರಿನ ಬಣ್ಣ ಹಸಿರು. ಪಾಚಿ ಇರಬಹುದು ಎಂದುಕೊಂಡೆ. ಪಾಚಿ ಅಲ್ಲವಂತೆ. ಹಿಮನದಿಗಳು ಬಂಡೆಗಳನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತವೆ. ಆ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುವುದರಿಂದ ಬಿಸಿಲು ಬಿದ್ದಾಗ ಆ ಬಣ್ಣ ಬರುತ್ತದೆ. ದೋಣಿಯಲ್ಲಿ ಸರೋವರದ ಆ ತುದಿಗೆ ಹೋಗಿ, ಯೆಂಡೆಬು ಎಂಬ ಮನೆಯಲ್ಲಿ ಆ ರಾತ್ರಿ ಉಳಿದೆವು. ಅಲ್ಲಿ ಕೆಲಸದವರು ಇದ್ದರು, ಬಿಸಿ ಊಟ ಇತ್ತು. ಮಾರನೆಯ ದಿನ ನಡೆದು ಸೇರಬೇಕಾಗಿದ್ದ ಓಲಾವ್ಸ್‌ಬು ಎಂಬ ಮನೆಯಲ್ಲಿ ಯಾರೂ ಇರುವುದಿಲ್ಲ. ಅದು 1440 ಮೀಟರ್ ಎತ್ತರದಲ್ಲಿದೆ; ಐದಾರು ಗಂಟೆಯ ದಾರಿ.

ಬೆಳಿಗ್ಗೆ ಹೊರಟಾಗ ಬಿಸಿಲಿತ್ತು. ಮೊದಲು ಗಿಡ್ಡ ಗಿಡ್ಡ ಬರ್ಚ್ ಮರಗಳು. ಸ್ವಲ್ಪ ಮೇಲೆ ಹೋದ ಮೇಲೆ ಮರವೇ ಇಲ್ಲ. ನಮ್ಮ ಮುಳ್ಳಯ್ಯನಗಿರಿಯಷ್ಟೂ ಎತ್ತರವಿಲ್ಲದ ಜಾಗ, ಆದರೆ ಉತ್ತರದ ಚಳಿಗೆ ಅಲ್ಲಿ ಮರ ಬೆಳೆಯುವುದಿಲ್ಲ. ಕಲ್ಲು, ಹುಲ್ಲು, ಪಾಚಿ, ಅಲ್ಲಲ್ಲಿ ಕರಗದೆ ಉಳಿದ ಹಿಮ. ದಾರಿ ಎಂದರೆ ಸವೆದ ಕಾಲುದಾರಿ, ಕೆಲವು ಕಡೆ ಅದೂ ಇಲ್ಲ. ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ಇಂಗ್ಲಿಷಿನ 'ಟಿ' ಅಕ್ಷರ ಬರೆದಿರುತ್ತಾರೆ. ಒಂದು ಗುರುತಿನಿಂದ ಇನ್ನೊಂದು ಗುರುತು ನೋಡಿಕೊಂಡು ನಡೆಯಬೇಕು. ಇಂಥ ದಾರಿ ಆ ದೇಶದಲ್ಲಿ ಸುಮಾರು 22,000 ಕಿಲೋಮೀಟರ್ ಇದೆ. ಬಣ್ಣ ಬಳಿಯುವವರಲ್ಲಿ ಹೆಚ್ಚಿನವರು ಸಂಬಳದವರಲ್ಲ. ರಜೆಯಲ್ಲಿ ಬಣ್ಣದ ಡಬ್ಬ, ಬ್ರಷ್ಷು ಹಿಡಿದು ಹೋಗುವ ಜನ.

ದಾರಿಯಲ್ಲಿ ಒಂದು ಕಡೆ ಜೋರಾಗಿ ಹರಿಯುವ ಹಳ್ಳ ಅಡ್ಡ ಬಂತು. ಅದರ ಮೇಲೆ ಹಲಗೆಯ ಸಣ್ಣ ಸೇತುವೆ. ನಾನು ದಾಟಿ ಮುಂದೆ ಹೋದೆ. ಅವರು ನಿಂತು, ಬಗ್ಗಿ, ಹಲಗೆ ಸಡಿಲವಾಗಿದೆಯೇ ಎಂದು ಕೈಯಿಂದ ಅಲ್ಲಾಡಿಸಿ ನೋಡಿದರು. "ಇದು ಬೇಸಿಗೆಯ ಸೇತುವೆ. ಹಿಮ ಕರಗಿದ ಮೇಲೆ ಬಂದು ಹಾಕುತ್ತಾರೆ. ಚಳಿಗಾಲಕ್ಕೆ ಮೊದಲು ಬಂದು ತೆಗೆದಿಡುತ್ತಾರೆ. ಇಲ್ಲದಿದ್ದರೆ ಹಿಮ, ಪ್ರವಾಹ ಕೊಚ್ಚಿಕೊಂಡು ಹೋಗುತ್ತದೆ" ಎಂದರು. ವರ್ಷ ವರ್ಷವೂ? ವರ್ಷ ವರ್ಷವೂ.

ಆ ಮಾತು ಕೇಳಿದಾಗ ನನ್ನೊಳಗೆ ಏನೋ ಒಂದು ಅಲುಗಾಡಿತು. ಏನು ಎಂದು ಆಗ ತಿಳಿಯಲಿಲ್ಲ. ಆಮೇಲೆ ಹೇಳುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಮೋಡ ಕೆಳಗಿಳಿಯಿತು. ಮಳೆ ಶುರುವಾಯಿತು. ನಮ್ಮ ಆಷಾಢದ ಮಳೆ ಕಂಡವನು ನಾನು, ಮಳೆಗೆ ಹೆದರಲಿಲ್ಲ. ಹೆದರಿದ್ದು ಮಂಜಿಗೆ. ಹತ್ತು ಹೆಜ್ಜೆ ಆಚೆಗೆ ಏನೂ ಕಾಣುತ್ತಿರಲಿಲ್ಲ. ಕೆಂಪು ಗುರುತು ಕಾಣಲಿಲ್ಲ. ನಾನು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಬೂಟು ಹಾಕಿಕೊಂಡಿದ್ದೆ, ಅದರೊಳಗೆ ನೀರು ತುಂಬಿ ಬೆರಳು ಮರಗಟ್ಟಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. "ಬೇಗ ಬೇಗ ಮುಂದೆ ಹೋಗೋಣ" ಎಂದು ನಾನು ಅವಸರ ಮಾಡಿದೆ.

ಅವರು ನನ್ನನ್ನು ಒಂದು ಕಲ್ಲಿನ ಗುಡ್ಡೆಯ ಪಕ್ಕದಲ್ಲಿ ನಿಲ್ಲಿಸಿದರು. "ನೀನು ಈ ಗುರುತು ಬಿಟ್ಟು ಕದಲಬೇಡ. ನಾನು ಮುಂದಿನದನ್ನು ಹುಡುಕುತ್ತೇನೆ. ನಾನು ಕೂಗಿದರೆ ನೀನು ಕೂಗು. ನಿನ್ನ ದನಿ ಕೇಳದಷ್ಟು ದೂರ ನಾನು ಹೋಗುವುದಿಲ್ಲ" ಎಂದರು. ಮಂಜಿನೊಳಗೆ ಅವರು ಮಾಯವಾದರು. ನಾನು ಒಬ್ಬನೇ ಕಲ್ಲಿನ ಮೇಲೆ ಕೈ ಇಟ್ಟುಕೊಂಡು ನಿಂತೆ. ಅವರ ಕೂಗು ಬರುತ್ತಿತ್ತು, ನಾನು ಕೂಗುತ್ತಿದ್ದೆ. ಆಮೇಲೆ "ಸಿಕ್ಕಿತು, ಬಾ" ಎಂಬ ದನಿ. ಹೀಗೆ ಒಂದೊಂದು ಗುರುತನ್ನೂ ಹುಡುಕಿಕೊಂಡು, ಒಬ್ಬರು ನಿಂತು ಒಬ್ಬರು ನಡೆದು, ಎರಡು ಗಂಟೆ ಹೋದೆವು. ನಡುವೆ ಒಮ್ಮೆ ಅವರು ಗಡಿಯಾರ ನೋಡಿ, "ಇನ್ನು ಹದಿನೈದು ನಿಮಿಷದಲ್ಲಿ ಮುಂದಿನ ಗುರುತು ಸಿಗದಿದ್ದರೆ ವಾಪಸು ಹೋಗೋಣ" ಎಂದರು. ಇಷ್ಟು ದೂರ ಬಂದು ವಾಪಸೇ ಎಂದು ನನ್ನ ಮುಖ ಬಾಡಿತು. ಅಲ್ಲಿ ಬೆಟ್ಟಕ್ಕೆ ಹೋಗುವವರೆಲ್ಲ ತಿಳಿದಿರಬೇಕಾದ ಒಂಬತ್ತು ನಿಯಮಗಳಿವೆ. ಸಮಯಕ್ಕೆ ಸರಿಯಾಗಿ ಹಿಂದಿರುಗು, ಅದರಲ್ಲಿ ನಾಚಿಕೆಯಿಲ್ಲ ಎಂಬುದು ಅವುಗಳಲ್ಲಿ ಒಂದು. ಅದನ್ನು ಅಲ್ಲಿಯ ಶಾಲೆಯ ಮಕ್ಕಳೂ ಬಲ್ಲರು. ಬಿಇ ಓದಿದ ನನಗೆ ಆ ದಿನ ಗೊತ್ತಾಯಿತು. ಪುಣ್ಯಕ್ಕೆ ಹತ್ತನೆಯ ನಿಮಿಷಕ್ಕೆ ಗುರುತು ಸಿಕ್ಕಿತು.

ಸಂಜೆ ಐದರ ಸುಮಾರಿಗೆ ಮಂಜಿನ ನಡುವೆ ಮನೆ ಕಂಡಿತು. ಬೀಗ ತೆಗೆದು ಒಳಗೆ ಹೋದೆವು. ಯಾರೂ ಇರಲಿಲ್ಲ. ನಾನು ನಡುಗುತ್ತ ನಿಂತಿದ್ದೆ, ಬೂಟಿನ ದಾರ ಬಿಚ್ಚಲು ಬೆರಳು ಬಗ್ಗುತ್ತಿರಲಿಲ್ಲ. ಅವರು ನೇರವಾಗಿ ಒಲೆಯ ಹತ್ತಿರ ಹೋದರು. ಒಲೆಯ ಪಕ್ಕದ ಪೆಟ್ಟಿಗೆಯ ತುಂಬ ಸೀಳಿದ ಸೌದೆ. ಮೇಲೆ ಬೆರಳಿನಷ್ಟು ದಪ್ಪದ ಚಕ್ಕೆಗಳು. ಅದರ ಮೇಲೆ ಬೆಂಕಿಪೊಟ್ಟಣ. ಒಲೆಯೊಳಗಿನ ಬೂದಿಯನ್ನೂ ಯಾರೋ ತೆಗೆದು ಸ್ವಚ್ಛ ಮಾಡಿದ್ದರು. ಒಂದೇ ಕಡ್ಡಿ ಗೀರಿದರು. ಬೆಂಕಿ ಹತ್ತಿಕೊಂಡಿತು.

ನಾನು ಬೆಂಕಿಯ ಮುಂದೆ ಕೈ ಒಡ್ಡಿ ಕೂತು ಯೋಚಿಸಿದೆ. ಸುತ್ತ ಎಷ್ಟೋ ಕಿಲೋಮೀಟರ್ ಒಂದು ಮರವಿಲ್ಲ. ಈ ಸೌದೆ ಕೆಳಗಿನಿಂದ ಇಲ್ಲಿಗೆ ಬಂದದ್ದು. ಇದನ್ನು ಸೀಳಿಟ್ಟವರು ನಮಗಿಂತ ಮುಂಚೆ ಇಲ್ಲಿ ಮಲಗಿ ಹೋದವರು. ಅವರಿಗೆ ನಾನು ಯಾರು? ನಾನು ಒದ್ದೆಯಾಗಿ ಬರುತ್ತೇನೆ, ನನ್ನ ಬೆರಳು ಬಗ್ಗುವುದಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತು?

ಉಗ್ರಾಣದಲ್ಲಿ ಅಕ್ಕಿ ಇತ್ತು, ಡಬ್ಬದ ಬಟಾಣಿ ಇತ್ತು. ನಾನು ಅನ್ನ ಮಾಡಿದೆ. ಅಮ್ಮ ಕಳಿಸಿದ್ದ ಚಟ್ನಿಪುಡಿ ನನ್ನ ಚೀಲದಲ್ಲಿತ್ತು. ಅವರು ಒಂದು ಚಮಚ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಮತ್ತೊಂದು ಚಮಚ ಕೇಳಿದರು. ರಾತ್ರಿ ಒಂಬತ್ತರ ಹೊತ್ತಿಗೆ ಬಾಗಿಲು ತೆರೆಯಿತು. ಒಬ್ಬಳೇ ಹುಡುಗಿ, ಇಪ್ಪತ್ತೆರಡು ವರ್ಷ ಇರಬಹುದು, ಮೈಯೆಲ್ಲ ನೆನೆದು ತುಟಿ ನೀಲಿಯಾಗಿತ್ತು. ನಮ್ಮವರು ಎದ್ದು, ಒಲೆಯ ಹತ್ತಿರದ ತಮ್ಮ ಕುರ್ಚಿ ಅವಳಿಗೆ ಕೊಟ್ಟರು. ನಾನು ಉಳಿದ ಅನ್ನ ಬಡಿಸಿದೆ. ಇಂಥ ಮನೆಗಳಲ್ಲಿ ಜಾಗ ತುಂಬಿದ್ದರೂ ಬಂದವರನ್ನು ಹೊರಗೆ ಕಳಿಸುವ ಪದ್ಧತಿ ಇಲ್ಲ. ನೆಲದ ಮೇಲಾದರೂ ಹಾಸಿಗೆ ಹಾಸಿಕೊಡುತ್ತಾರೆ. ರಾತ್ರಿಯಿಡೀ ಒಲೆ ಉರಿಯಿತು. ಮೂವರ ಬಟ್ಟೆಯೂ ಒಣಗಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಬೆಳಿಗ್ಗೆ ಬೇಗ ಎದ್ದೆವು. ಅದೇ ದಾರಿಯಲ್ಲಿ ಇಳಿದು ಮಧ್ಯಾಹ್ನದ ದೋಣಿ ಹಿಡಿಯಬೇಕಿತ್ತು. ದೋಣಿ ತಪ್ಪಿದರೆ ಬಸ್ಸು ತಪ್ಪುತ್ತದೆ, ಬಸ್ಸು ತಪ್ಪಿದರೆ ಸೋಮವಾರದ ನನ್ನ ಮೀಟಿಂಗ್ ತಪ್ಪುತ್ತದೆ. ಪಾತ್ರೆ ತೊಳೆದೆವು, ನೆಲ ಗುಡಿಸಿದೆವು. ಚೀಟಿಯಲ್ಲಿ ಮಲಗಿದ್ದಕ್ಕೆ ಇಷ್ಟು, ಅಕ್ಕಿಗೆ ಇಷ್ಟು, ಬಟಾಣಿಗೆ ಇಷ್ಟು ಎಂದು ಗೋಡೆಯ ಮೇಲಿನ ದರ ನೋಡಿ ಬರೆದು ಡಬ್ಬಕ್ಕೆ ಹಾಕಿದೆ. ಅಲ್ಲೊಂದು ಪುಸ್ತಕ ಇರುತ್ತದೆ. ಎಲ್ಲಿಂದ ಬಂದೆ, ಮುಂದೆ ಎಲ್ಲಿಗೆ ಹೋಗುತ್ತೇನೆ ಎಂದು ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವವರಿಗೆ ಅನುಕೂಲ. ಅದರಲ್ಲಿ ನನ್ನ ಹೆಸರನ್ನೂ ನಮ್ಮ ಊರಿನ ಹೆಸರನ್ನೂ ಕನ್ನಡದಲ್ಲಿಯೇ ಬರೆದೆ. ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಅವರು ಕಾಣಲಿಲ್ಲ. ಮನೆಯ ಹಿಂದಿನ ಸೌದೆ ಕೊಟ್ಟಿಗೆಯಿಂದ ಠಕ್ ಠಕ್ ಸದ್ದು ಬರುತ್ತಿತ್ತು.

ಅವರು ಕೊಡಲಿ ಹಿಡಿದು ಸೌದೆ ಸೀಳುತ್ತಿದ್ದರು.

"ದೋಣಿಗೆ ತಡವಾಗುತ್ತದೆ. ನಾವು ದುಡ್ಡು ಕೊಟ್ಟಾಯಿತಲ್ಲ?" ಎಂದೆ.

ಅವರು ಕೊಡಲಿ ಇಳಿಸಿದರು. "ದುಡ್ಡು ಕೊಟ್ಟದ್ದು ತಿಂದದ್ದಕ್ಕೆ, ಮಲಗಿದ್ದಕ್ಕೆ. ನಿನ್ನೆ ರಾತ್ರಿ ಉರಿದ ಸೌದೆಯನ್ನು ಯಾರೋ ತಮ್ಮ ಕೈಯಿಂದ ಸೀಳಿದ್ದರು. ಅವರಿಗೆ ಏನು ಕೊಟ್ಟೆ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ ನೋಡು ಎನ್ನುವ ಹಾಗೆ ಕೇಳಿದ್ದು.

"ಅವರು ಯಾರೋ ಗೊತ್ತಿಲ್ಲವಲ್ಲ" ಎಂದೆ.

"ಹೌದು. ಅದಕ್ಕೇ ಮುಂದೆ ಬರುವವರಿಗೆ ಕೊಡಬೇಕು."

ನಾನು ಚೀಲ ಇಳಿಸಿದೆ. ಅವರ ಕೈಯಿಂದ ಕೊಡಲಿ ತೆಗೆದುಕೊಂಡೆ. ಹದಿನೈದು ವರ್ಷದಿಂದ ಕೊಡಲಿ ಮುಟ್ಟಿರಲಿಲ್ಲ. ಆದರೆ ಕೈಗೆ ನೆನಪಿತ್ತು. ಹೈಸ್ಕೂಲಿಗೆ ಹೋಗುವಾಗ ಬೆಳಿಗ್ಗೆ ಬಚ್ಚಲ ಒಲೆಗೆ ಸೌದೆ ಸೀಳಿಟ್ಟೇ ನಾನು ಮನೆ ಬಿಡಬೇಕಿತ್ತು. ಅದು ಅಪ್ಪನ ಕಾನೂನು. ಗಂಟು ಎಲ್ಲಿದೆ ನೋಡಿ, ಅದನ್ನು ತಪ್ಪಿಸಿ ಏಟು ಹಾಕಿದೆ. ಒಂದೇ ಏಟಿಗೆ ಎರಡು ಹೋಳು. ಅವರು ಹುಬ್ಬೇರಿಸಿ, "ಇದನ್ನು ಯಾವ ಕಾಲೇಜಿನಲ್ಲಿ ಕಲಿತೆ?" ಎಂದರು. ಏಳು ತಿಂಗಳಲ್ಲಿ ಅವರಾಡಿದ ಒಂದೇ ಒಂದು ತಮಾಷೆ ಅದು. ಪೆಟ್ಟಿಗೆ ತುಂಬಿಸಿದೆ, ಮೇಲೆ ಚಕ್ಕೆ ಇಟ್ಟೆ, ಬೆಂಕಿಪೊಟ್ಟಣ ಇಟ್ಟೆ. ಅಂಗೈಯಲ್ಲಿ ಎರಡು ಬೊಬ್ಬೆ ಬಂದಿದ್ದವು. ಬಿದ್ದೂ ಎದ್ದೂ ಇಳಿದು ಬಂದೆವು. ದೋಣಿ ಸಿಕ್ಕಿತು.

ದೋಣಿಯಲ್ಲಿ ಕೂತಾಗ, ಹಿಂದಿನ ದಿನ ಆ ಹಲಗೆಯ ಸೇತುವೆಯ ಹತ್ತಿರ ನನ್ನೊಳಗೆ ಅಲುಗಾಡಿದ್ದು ಏನು ಎಂದು ಹೊಳೆಯಿತು. ಅದು ನಮ್ಮ ಹಳ್ಳದ ಸಂಕ.

ಇಲ್ಲಿ ಕೂತಿರುವ ನನ್ನ ವಯಸ್ಸಿನವರಿಗೆ ನೆನಪಿರಬೇಕು. ನಾವು ಮೇಲಿನ ಕೇರಿಯ ಮಕ್ಕಳು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಐದು ಕಿಲೋಮೀಟರ್ ನಡೆದು ಈ ಶಾಲೆಗೆ ಬರುತ್ತಿದ್ದೆವು. ನಡುವೆ ಹಳ್ಳ. ಪ್ರತಿ ವರ್ಷ ಶಾಲೆ ಶುರುವಾಗಿ, ಮಳೆ ಹಿಡಿಯುವ ಹೊತ್ತಿಗೆ ಆ ಹಳ್ಳಕ್ಕೆ ಅಡಿಕೆ ಮರದ ಸಂಕ ಬಿದ್ದಿರುತ್ತಿತ್ತು. ಹಿಡಿದುಕೊಳ್ಳಲು ಒಂದು ಪಕ್ಕ ಬಿದಿರಿನ ಗಳು. ಮಳೆಗಾಲ ಮುಗಿಯುವುದರೊಳಗೆ ಅದು ಕೊಳೆತೋ ಕೊಚ್ಚಿಹೋಗಿಯೋ ಇರುತ್ತಿತ್ತು. ಮರುವರ್ಷ ಮತ್ತೆ ಹೊಸದು. ಮೂರು ವರ್ಷ ಆ ಸಂಕ ದಾಟಿದೆ. ಅದನ್ನು ಹಾಕುವವರು ಯಾರು ಎಂದು ಒಂದು ದಿನವೂ ಕೇಳಲಿಲ್ಲ. ಮಳೆ ಬಂದ ಹಾಗೆ ಸಂಕವೂ ಬರುತ್ತದೆ ಎಂದುಕೊಂಡಿದ್ದೆ.

ಆ ರಾತ್ರಿ ಓಸ್ಲೊಗೆ ಬಂದವನೇ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಮ್ಮ ಒಬ್ಬ ಅಜ್ಜನ ಹೆಸರು ಹೇಳಿದರು. ಅವರಿಗೆ ಮಕ್ಕಳಿರಲಿಲ್ಲ. ಅವರ ಮನೆಯಿಂದ ಈ ಶಾಲೆಗೆ ಯಾರೂ ಬಂದವರಲ್ಲ. ತಮ್ಮ ತೋಟದಲ್ಲಿ ಬಿದ್ದ ಅಡಿಕೆ ಮರ ಕಡಿದು, ಆಳು ಸಿಕ್ಕರೆ ಆಳು, ಇಲ್ಲದಿದ್ದರೆ ಒಬ್ಬರೇ ಎಳೆದು ತಂದು ಹಾಕುತ್ತಿದ್ದರಂತೆ. "ಅವರು ತೀರಿಕೊಂಡು ಮೂರು ವರ್ಷ ಆಯಿತಲ್ಲೋ, ನಿನಗೆ ಹೇಳಿದ್ದೆ" ಎಂದರು ಅಮ್ಮ. ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಆ ಪ್ರವಾಸಕ್ಕೆ ಒಂದು ವರ್ಷ ಮೊದಲು ನಮ್ಮ ಮೇಷ್ಟ್ರು ನನಗೆ ಫೋನ್ ಮಾಡಿದ್ದರು. ಶಾಲೆಯ ಮಾಡು ಸೋರುತ್ತಿದೆ, ಹತ್ತನೆಯ ತರಗತಿಗೆ ಗಣಿತ ಹೇಳುವವರು ಅರ್ಧ ವರ್ಷದಿಂದ ಇಲ್ಲ, ಒಮ್ಮೆ ಬಂದು ಹೋಗು ಎಂದಿದ್ದರು. ನಾನು ಹತ್ತು ಸಾವಿರ ರೂಪಾಯಿ ಕಳಿಸಿದೆ. ಬರಲಿಲ್ಲ. ದುಡ್ಡು ಕೊಟ್ಟಾಯಿತಲ್ಲ ಎಂದು ಆ ವಿಷಯ ಮರೆತುಬಿಟ್ಟೆ. ಸೌದೆ ಕೊಟ್ಟಿಗೆಯ ಮುಂದೆ ನನ್ನ ಬಾಯಿಂದ ಬಂದದ್ದೂ ಅದೇ ಮಾತು ಎಂದು ದೋಣಿಯಲ್ಲಿ ಕೂತಾಗ ನನಗೆ ಗೊತ್ತಾಯಿತು. ನಾಚಿಕೆಯಾಯಿತು.

ಆ ದೇಶದ್ದೆಲ್ಲ ಒಳ್ಳೆಯದು, ನಮ್ಮದೆಲ್ಲ ಕೆಟ್ಟದ್ದು ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಊರವರೆಲ್ಲ ಸೇರಿ ಸಂಬಳವಿಲ್ಲದೆ ಮಾಡುವ ಕೆಲಸಕ್ಕೆ ಅವರು ದುಗ್ನಾಡ್ ಎನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಶ್ರಮದಾನ ಎಂಬ ಮಾತಿದೆ, ನಾಟಿಗೆ ಕೊಯ್ಲಿಗೆ ಮುಯ್ಯಾಳು ಎಂಬ ಪದ್ಧತಿಯಿದೆ. ನಮ್ಮ ಶಾಲೆ ಶುರುವಾದಾಗ ಕಟ್ಟಡವೇ ಇರಲಿಲ್ಲ, ದೇವಸ್ಥಾನದ ಪೌಳಿಯಲ್ಲಿ ಪಾಠ ನಡೆಯುತ್ತಿತ್ತು, ಆಮೇಲೆ ಊರಿನವರು ಜಾಗ ಕೊಟ್ಟು, ಕಲ್ಲು ಹೊತ್ತು, ಹೆಂಚು ಹೊದಿಸಿದರು ಎಂದು ನಿನ್ನೆ ಇದೇ ವೇದಿಕೆಯಲ್ಲಿ ಹಿರಿಯರು ಹೇಳಿದರು. ಆ ಕಲ್ಲು ಹೊತ್ತವರು ನನ್ನನ್ನು ನೋಡಿರಲಿಲ್ಲ. ನಾನಾಗ ಹುಟ್ಟಿಯೇ ಇರಲಿಲ್ಲ. ಆದರೂ ನಾನು ಮಳೆಯಲ್ಲಿ ನೆನೆದು ಬಂದಾಗ ಕೂರಲು ಒಂದು ಸೂರು ಸಿದ್ಧವಾಗಿತ್ತು. ಮುಯ್ಯಾಳಿನ ಸಾಲವನ್ನು ಕೊಟ್ಟವರ ಹೊಲದಲ್ಲೇ ದುಡಿದು ತೀರಿಸಬಹುದು. ಈ ಸಾಲ ಹಾಗಲ್ಲ. ಕೊಟ್ಟವರು ಹೋಗಿಬಿಟ್ಟಿದ್ದಾರೆ. ಮುಂದೆ ಬರುವವರಿಗೆ ಕೊಟ್ಟೇ ತೀರಿಸಬೇಕು.

ನಾನು ದೊಡ್ಡ ಕೆಲಸವೇನೂ ಮಾಡಿಲ್ಲ. ಎರಡು ವರ್ಷದಿಂದ ನಾನೂ ನನ್ನ ಮೂವರು ಸಹಪಾಠಿಗಳೂ ಸರದಿಯಂತೆ ತಿಂಗಳಿಗೆ ಎರಡು ಶನಿವಾರ ಬಂದು ಹತ್ತನೆಯ ತರಗತಿಗೆ ಗಣಿತ ಹೇಳುತ್ತಿದ್ದೇವೆ. ಕೆಟ್ಟು ಕೂತಿದ್ದ ಕಂಪ್ಯೂಟರುಗಳಲ್ಲಿ ಆರನ್ನು ಸರಿ ಮಾಡಿದ್ದೇವೆ. ಎರಡು ಇನ್ನೂ ಹಟ ಹಿಡಿದಿವೆ. ನಾಲ್ಕು ಜನ ಸಾಲದು. ಇಲ್ಲಿ ನರ್ಸ್ ಆದವರಿದ್ದೀರಿ, ಎಲೆಕ್ಟ್ರಿಷಿಯನ್ ಇದ್ದೀರಿ, ತೋಟ ಮಾಡುವವರಿದ್ದೀರಿ, ಬಸ್ಸು ಓಡಿಸುವವರಿದ್ದೀರಿ. ದೇಣಿಗೆಯ ಪಟ್ಟಿ ಹೊರಗೆ ಮೇಜಿನ ಮೇಲಿದೆ, ದಯವಿಟ್ಟು ಬರೆಯಿರಿ. ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಟ್ಟಿದ್ದೇವೆ. ಅದರಲ್ಲಿ ಹಣದ ಕಾಲಂ ಇಲ್ಲ. ಹೆಸರು, ಯಾವ ದಿನ ಬರುತ್ತೇನೆ, ಏನು ಮಾಡಿಕೊಡುತ್ತೇನೆ ಎಂಬ ಮೂರೇ ಕಾಲಂ. ಅದರಲ್ಲೂ ಒಂದು ಸಾಲು ಬರೆಯಿರಿ.

ಮಕ್ಕಳೇ, ನಿಮಗೆ ಒಂದೇ ಮಾತು. ನಾಳೆ ಶಾಲೆಗೆ ಬರುವಾಗ ಹಳ್ಳದ ಮೇಲೆ ಈಗಿರುವ ಸಿಮೆಂಟಿನ ಸೇತುವೆ ದಾಟುತ್ತೀರಲ್ಲ, ಅದಕ್ಕಿಂತ ಮುಂಚೆ ಅಲ್ಲಿ ಏನಿತ್ತು, ಯಾರು ಹಾಕುತ್ತಿದ್ದರು ಎಂದು ಮನೆಯಲ್ಲಿ ದೊಡ್ಡವರನ್ನು ಕೇಳಿ. ಆ ಅಜ್ಜನ ಹೆಸರನ್ನು ನಾನು ಹೇಳುವುದಿಲ್ಲ. ನಾನು ಮೂರು ವರ್ಷ ಕೇಳದೆ ಬಿಟ್ಟದ್ದನ್ನು ನೀವು ಒಂದು ದಿನದಲ್ಲಿ ಕೇಳಿ ತಿಳಿದುಕೊಳ್ಳಿ.